ಹೂವು ಕಟ್ಟಿದ ಮೆಟ್ಟಿಲು

ಮೆಟ್ಟಿಲ ಪಕ್ಕದಲ್ಲಿ ನಿಲ್ಲಿಸಿದ್ದ ಸರ್ವೆ ಮರದ ಗಳಗಳಿಗೆ ಚೆಂಡುಹೂವಿನ ಮಾಲೆ ಸುತ್ತಿಸಿದವರು ಯಾರು ಎಂಬುದು ನನಗೆ ಈಗಲೂ ಗೊತ್ತಿಲ್ಲ. ನಾನೇ ಇರಬಹುದು. ಅಮ್ಮ ಇರಬಹುದು. ಕಂಟ್ರಾಕ್ಟರೂ ಇರಬಹುದು. ಗೃಹಪ್ರವೇಶದ ಹಿಂದಿನ ಸಂಜೆ ನಾವೆಲ್ಲ ಆ ಮನೆಯಲ್ಲೇ ಇದ್ದೆವು. ಹೂವಿನ ಮೂಟೆ ಬಂದಿತ್ತು. ಯಾರೋ, "ಇಲ್ಲಿಗೂ ಒಂದೆರಡು ಮಾಲೆ ಹಾಕ್ಬಿಡಿ, ಚೆನ್ನಾಗಿ ಕಾಣುತ್ತೆ" ಅಂದರು. ಆ ಮಾತು ನೆನಪಿದೆ, ಆಡಿದವರ ದನಿ ನೆನಪಿಲ್ಲ. ನೆನಪಿಸಿಕೊಳ್ಳಲು ಕೂತಾಗೆಲ್ಲ ಅದು ಬೇರೆ ಬೇರೆಯವರ ದನಿಯಲ್ಲಿ ಕೇಳಿಸುತ್ತದೆ.

ನಾನು ಓದಿದ್ದು ಮನಶ್ಶಾಸ್ತ್ರ, ಕಾಲೇಜಿನಲ್ಲಿ ಪಾಠ ಮಾಡುವುದೂ ಅದನ್ನೇ. ಕಣ್ಣಾರೆ ಕಂಡವರ ಸಾಕ್ಷ್ಯ ಎಷ್ಟು ಬೇಗ ಕೆಡುತ್ತದೆ, ಮನಸ್ಸು ಖಾಲಿ ಜಾಗಗಳನ್ನು ತಾನೇ ಹೇಗೆ ತುಂಬಿಕೊಳ್ಳುತ್ತದೆ ಎಂದು ವರ್ಷ ವರ್ಷವೂ ಹೊಸ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಅಷ್ಟೆಲ್ಲ ಹೇಳುವವನು ಒಂದು ದಿನ ನ್ಯಾಯ ಕೇಳಲು ಹೋಗಿ, ಪ್ರಮಾಣ ಮಾಡಿ, ತನ್ನ ನೆನಪನ್ನೇ ಬರೆದುಕೊಡಬೇಕಾಗಿ ಬಂತು. ಆದ್ದರಿಂದ ಇಲ್ಲಿ ಯಾವುದು ಖಚಿತ, ಯಾವುದು ನನ್ನ ಅಂದಾಜು ಎಂದು ಆಯಾ ಜಾಗದಲ್ಲೇ ಹೇಳುತ್ತ ಹೋಗುತ್ತೇನೆ.

ಇಷ್ಟು ಖಚಿತ. ಆ ಮೆಟ್ಟಿಲಿಗೆ ರೇಲಿಂಗ್ ಇರಲಿಲ್ಲ. ಮೇಲಿನ ಕೊನೆಯ ಮೆಟ್ಟಿಲು ಉಳಿದವುಗಳಿಗಿಂತ ಸುಮಾರು ಇಮ್ಮಡಿ ಎತ್ತರವಿತ್ತು. ಆ ಮೆಟ್ಟಿಲಿನ ದೆಸೆಯಿಂದ ನನ್ನ ಅಮ್ಮ ತನ್ನ ಸ್ವಂತ ಮನೆಯ ಮೊದಲ ಮಹಡಿಯಲ್ಲಿ ಸಿಕ್ಕಿಕೊಂಡಳು.

ಸೈಟು ಕೆಂಗೇರಿ ಉಪನಗರದಲ್ಲಿತ್ತು, ಅಪ್ಪ ಎಂದೋ ತೆಗೆದಿಟ್ಟು ಹೋದದ್ದು. ನಾವು ಮಾರೇನಹಳ್ಳಿಯಲ್ಲಿ ಬಾಡಿಗೆಗಿದ್ದೆವು. ಬ್ಯಾಂಕಿನ ಸಾಲ ಸಿಕ್ಕ ಮೇಲೆ ಕಟ್ಟಲು ಶುರುಮಾಡಿದೆವು. ಕೆಳಗೆ ಗಾಡಿ ನಿಲ್ಲಿಸುವ ಜಾಗ, ಅದರ ಹಿಂದೆ ಬಾಡಿಗೆಗೊಂದು ಪುಟ್ಟ ಮನೆ, ಮೇಲೆ ನಾವು. ಕೆಳಗಿನ ಮನೆಯಲ್ಲಿ ನೀನೇ ಇರು ಎಂದು ಅಮ್ಮನಿಗೆ ಹೇಳಿದ್ದೆ. "ನಾನು ಕೆಳಗೆ ಕೂತರೆ ಬ್ಯಾಂಕಿನೋರಿಗೆ ಏನು ನಿನ್ನ ಪಾಠ ಕೊಡ್ತೀಯಾ? ಬಾಡಿಗೆ ಬರ್ಲಿ ಬಿಡು" ಎಂದು ಆ ಮಾತನ್ನು ಅಲ್ಲಿಗೇ ಮುಗಿಸಿದಳು.

ಕಂಟ್ರಾಕ್ಟರು ಹಳೇ ಕೆಂಗೇರಿಯ ಕಡೆಯವನು. ಹೊಲಗಳೆಲ್ಲ ಲೇಔಟಾದ ಮೇಲೆ ಅವನ ಮನೆತನ ಮನೆ ಕಟ್ಟಿಸುವ ಕೆಲಸಕ್ಕೆ ಇಳಿದಿತ್ತು. ಕೆಟ್ಟ ಮನುಷ್ಯನಲ್ಲ. ಪಾಯದ ಕೆಲಸಕ್ಕೆ ಬಿಸಿಲಲ್ಲಿ ತಾನೇ ನಿಂತಿದ್ದ. ಆಮೇಲೆ ಒಂದೇ ಕಾಲಕ್ಕೆ ಹಲವು ಮನೆ ಹಿಡಿದ, ಒಳ್ಳೆಯ ಮೇಸ್ತ್ರಿ ಬಿಟ್ಟುಹೋದ, ನಮ್ಮ ಮನೆಗೆ ಬರುವುದು ಕಡಿಮೆಯಾಯಿತು. ಮೆಟ್ಟಿಲಿನ ಕಾಂಕ್ರೀಟ್ ಬಿದ್ದದ್ದು ಅಂಥ ದಿನಗಳಲ್ಲಿ. ಒಂದು ಮೆಟ್ಟಿಲಿನ ಹಾಗೆ ಇನ್ನೊಂದಿಲ್ಲ. ಹತ್ತುವಾಗ ಕಾಲು ಪ್ರತಿ ಹೆಜ್ಜೆಗೂ ಹೊಸದಾಗಿ ಅಳತೆ ತೆಗೆದುಕೊಳ್ಳಬೇಕಾಗಿತ್ತು.

ಆಷಾಢ ಹತ್ತಿರ ಬಂತು. ಕಂಟ್ರಾಕ್ಟರು ಮಾರೇನಹಳ್ಳಿಯ ಮನೆಗೇ ಬಂದು ಕುರ್ಚಿಯ ತುದಿಯಲ್ಲಿ ಕೂತ.

"ಸಾರ್, ಆಷಾಢ ಹುಟ್ಬಿಟ್ರೆ ಹಾಲು ಉಕ್ಸೋ ಹಂಗಿಲ್ಲ. ಆಮೇಲೆ ನನ್ ಹುಡುಗ್ರು ಊರ್ಗೆ ಹೋಯ್ತಾರೆ. ಈಗ್ಲೇ ಪೂಜೆ ಮುಗಿಸ್ಕಳಿ. ರೇಲಿಂಗು, ಗ್ರಾನೈಟು, ಸಣ್ಣಪುಟ್ಟದ್ದೆಲ್ಲ ನೀವು ಅಲ್ಲಿರ್ಬೇಕಾದ್ರೇನೆ ಮಾಡ್ಕೊಟ್ಬುಡ್ತೀನಿ. ತಲೆ ಕೆಡುಸ್ಕೋಬೇಡಿ."

ನಾನು ಮೆಟ್ಟಿಲಿನ ಮಾತೆತ್ತಿದೆ. ಎತ್ತಿದೆ ಎಂದು ನನ್ನ ನೆನಪು. ಹೆಂಡತಿಯ ಪ್ರಕಾರ ಎತ್ತಿದವಳು ಅವಳು, ನಾನು ಅಲ್ಲಿ ಪೇಪರ್ ಓದುತ್ತಿದ್ದೆ. ಉತ್ತರದ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. "ಗ್ರಾನೈಟ್ ಕೂತ್ಮೇಲೆ ಲೆವೆಲ್ ಆಯ್ತದೆ ಅಕ್ಕ" ಅಂದಿದ್ದ.

ಕೆಲಸ ಬಾಕಿ ಇರುವಾಗಲೇ ಹಾಲು ಉಕ್ಕಿಸುವುದು ನಮ್ಮಲ್ಲಿ ಹೊಸದೇನಲ್ಲ. ನಮ್ಮ ರಸ್ತೆಯಲ್ಲೇ ಬಾಗಿಲಿಲ್ಲದ ಬಚ್ಚಲಿಗೆ ಸೀರೆ ಇಳಿಬಿಟ್ಟು ಗೃಹಪ್ರವೇಶ ಮಾಡಿದವರಿದ್ದರು. ಮುಹೂರ್ತ ಕಾಯುವುದಿಲ್ಲ, ಬಡಗಿ ಕಾಯಬಹುದು. ನಾವು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದೆವು. ದಾವಣಗೆರೆ ಕಡೆಯ ನೆಂಟರೆಲ್ಲ ಬರುವವರಿದ್ದರು. ಅವರ ಮುಂದೆ ಅರೆಬರೆ ಮನೆ ಕಾಣಬಾರದು ಎಂದು ಮನೆಯ ಕುಂದನ್ನೆಲ್ಲ ಮುಚ್ಚಿ ಸಿಂಗರಿಸಿದೆವು. ಒರಟು ಕಾಂಕ್ರೀಟ್ ಮೆಟ್ಟಿಲ ಮೇಲೆ ಅಮ್ಮ ಜಮಖಾನ ಹಾಸಿಸಿದಳು. ತೇವ ಬಂದಿದ್ದ ಗೋಡೆಗೆ ಅಪ್ಪನ ದೊಡ್ಡ ಫೋಟೊ ಬಂತು. ರೇಲಿಂಗ್ ಇರಬೇಕಾದಲ್ಲಿ ಯಾರೂ ಬೀಳದಿರಲೆಂದು ಕಟ್ಟಿದ್ದ ಸರ್ವೆ ಗಳಗಳಿಗೆ ಹೂಮಾಲೆ ಸುತ್ತಿದ್ದೂ ಆಗಲೇ. ಬೆಳಿಗ್ಗೆ ನೋಡಿದರೆ ಮೆಟ್ಟಿಲು ಕಲ್ಯಾಣಮಂಟಪದ ಮೆಟ್ಟಿಲಿನಂತೆ ಇತ್ತು.

ಹಸುವಿಗೆ ಕೆಳಗೇ ಪೂಜೆಯಾಯಿತು. ಅಯ್ನೋರ ಪಾದಪೂಜೆ ಮೇಲೆ. ಅವರು ಕೊನೆಯ ಮೆಟ್ಟಿಲ ಬಳಿ ಒಂದು ಗಳಿಗೆ ನಿಂತು ಪಂಚೆ ಎತ್ತಿಕೊಂಡು ಹತ್ತಿದರು, ಏನೂ ಅನ್ನಲಿಲ್ಲ. ಅಂದವಳು ದೊಡ್ಡಮ್ಮ, ಅಮ್ಮನ ಅಕ್ಕ. ಏದುಸಿರು ಬಿಡುತ್ತ ಮೇಲೆ ಬಂದು, "ಏನವ್ವಾ, ನಿನ್ನ ಮಗ ಮನೆ ಕಟ್ಸ್ಯಾನೋ, ಬೆಟ್ಟ ಕಟ್ಸ್ಯಾನೋ?" ಅಂದಳು.

"ಶಿವನ ತಾವ ಬರೋದು ಅಂದ್ರೆ ಸುಮ್ನೇನಕ್ಕಾ?" ಅಂದಳು ಅಮ್ಮ. ನಕ್ಕಳು ಕೂಡ. ಕೈ ಮಾತ್ರ ಮೊಣಕಾಲಿನ ಮೇಲಿತ್ತು.

ಊಟಕ್ಕೆ ಮೊದಲು ಮನೆ ಕಟ್ಟಿದವರಿಗೆ ಮರ್ಯಾದೆ. ಬಡಗಿಗೆ, ಮೇಸ್ತ್ರಿಗೆ, ಕಂಟ್ರಾಕ್ಟರನಿಗೆ ಬಟ್ಟೆ, ಹಣ್ಣು, ತಾಂಬೂಲ ಕೊಡದೆ ಆ ಮನೆಯಲ್ಲಿ ಅನ್ನ ಉಣ್ಣಬಾರದು ಎಂದು ಅಮ್ಮನ ಕಟ್ಟುನಿಟ್ಟು. "ಇನ್ನೂ ಮುಗಿಸೇ ಇಲ್ವಲ್ಲಮ್ಮ" ಎಂದೆ. "ಮುಗಿಸೋನಿಗೇ ಕೊಡೋದು. ಕೊಟ್ಟರೆ ತಾನೇ ಮುಗಿಸ್ತಾನೆ" ಅಂದಳು. ನಾನೇ ಕಂಟ್ರಾಕ್ಟರನಿಗೆ ಶಾಲು ಹೊದಿಸಿದೆ, ಪೇಟ ಇಟ್ಟೆ. ಅವನು ಪೇಟ ಸರಿಮಾಡಿಕೊಂಡ. ಫೋಟೊದವನಿಗೆ, "ಇನ್ನೊಂದು ತೆಗಿಯಣ್ಣ, ಕಣ್ ಮುಚ್ಬುಟ್ಟಿದ್ದೆ" ಅಂದ. ಎರಡನೆಯದರಲ್ಲಿ ಅವನ ಕಣ್ಣು ಚೆನ್ನಾಗಿ ತೆರೆದಿದೆ. ನಮ್ಮಿಬ್ಬರ ಹಿಂದೆ ಮೆಟ್ಟಿಲು, ಜಮಖಾನ, ತುಂಬು ಹೂವು.

ಆಷಾಢ ಕಳೆದು ಶ್ರಾವಣ ಬಂದರೂ ಅವನ ಹುಡುಗರು ಬರಲಿಲ್ಲ. ಅವನು ಒಂದೆರಡು ಸಲ ಬಂದ, ಟೇಪು ಹಿಡಿದು ಗಾಳಿಯಲ್ಲಿ ಏನೋ ಅಳೆದು, ಕಾಫಿ ಕುಡಿದು ಹೋದ. ಆಮೇಲೆ ಫೋನು ಸ್ವಿಚ್ ಆಫ್. ಹೂವು ಒಣಗಿ ಉದುರಿತು, ಜಮಖಾನ ಮಡಚಿ ಅಟ್ಟ ಸೇರಿತು. ಗಳಗಳನ್ನು ಅವನ ಆಳು ಬೇರೆ ಮನೆಗೆ ಬೇಕೆಂದು ಬಿಚ್ಚಿಕೊಂಡು ಹೋದ. ಉಳಿದದ್ದು ಒಂದು ಕಡೆ ಗೋಡೆ, ಇನ್ನೊಂದು ಕಡೆ ಬಯಲು, ನಡುವೆ ಆ ಮೆಟ್ಟಿಲು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಬಾಗಿಲು ದಾಟಿದ ಕೂಡಲೇ ಮೊದಲ ಹೆಜ್ಜೆಯೇ ಆ ಎತ್ತರದ ಮೆಟ್ಟಿಲಿನದು. ಕಾಲು ಕೆಳಗಿಟ್ಟರೆ ನೆಲ ಸಿಗುವ ಹೊತ್ತಿಗೆ ಎದೆ ಒಮ್ಮೆ ಝಲ್ಲೆನ್ನುತ್ತದೆ. ನನಗೇ ಹಾಗಾಗುತ್ತಿತ್ತು. ಮೊಣಕಾಲು ಸವೆದ ಅಮ್ಮನಿಗೆ ಹೇಗಾಗಿರಬೇಡ. ಮಾರೇನಹಳ್ಳಿಯಲ್ಲಿ ದಿನಕ್ಕೆರಡು ಸಲ ಚೀಲ ಹಿಡಿದು ಅಂಗಡಿ ಬೀದಿ ಸುತ್ತಿ, ಸಿಕ್ಕವರನ್ನೆಲ್ಲ ಮಾತಾಡಿಸಿ ಬರುತ್ತಿದ್ದವಳು ಇಲ್ಲಿ ಬಾಲ್ಕನಿಯಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಸತೊಡಗಿದಳು.

"ಏಯ್ ತಮ್ಮಾ, ಆ ಹೀರೇಕಾಯಿ ಬಲ್ತೈತೆ, ಬೇರೆ ಹಾಕು. ಮೇಲಿಂದ ಕಾಣಲ್ಲ ಅನ್ಕಂಡ್ಯಾ?"

"ಅಜ್ಜಿ, ಕೆಳಗ್ ಬಂದು ನೀವೇ ಆರಿಸ್ಕೊಳ್ಳಿ" ಎಂದು ತರಕಾರಿಯವನು ಕೂಗುತ್ತಿದ್ದ.

"ಬರ್ತೀನಿ, ಬರ್ತೀನಿ. ಕೋರ್ಟು ಹೇಳ್ಲಿ, ಬರ್ತೀನಿ."

ಯಾಕೆಂದರೆ ಅಷ್ಟು ಹೊತ್ತಿಗೆ ನಾವು ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೆವು. ಬೇಡಿಕೆ ಸರಳವಾಗಿತ್ತು. ಮೆಟ್ಟಿಲನ್ನು ಒಡೆದು ಹೊಸದಾಗಿ ಕಟ್ಟುವ ಖರ್ಚು, ರೇಲಿಂಗಿನ ಖರ್ಚು, ತೇವ ಬಂದ ಗೋಡೆಯ ರಿಪೇರಿ, ಪಟ್ಟ ಪಾಡಿಗೆ ಪರಿಹಾರ. ಸಾಲದ ಹಣ ಮುಗಿದಿತ್ತು. ಪರಿಹಾರ ಬಂದರೆ ಮೆಟ್ಟಿಲು, ಇಲ್ಲದಿದ್ದರೆ ಇಲ್ಲ.

ನಮ್ಮ ವಕೀಲೆಯ ಆಫೀಸು ಬಸವೇಶ್ವರನಗರದಲ್ಲಿತ್ತು. ಚುರುಕು ಹೆಂಗಸು, ಮಾತು ಕಡಿಮೆ. ಅವರು ಮೊದಲ ದಿನವೇ ಒಂದು ಷರತ್ತು ಹಾಕಿದರು. ಆಯೋಗದ ಕಡೆಯಿಂದ ಎಂಜಿನಿಯರ್ ಬಂದು ನೋಡುವವರೆಗೆ ಮೆಟ್ಟಿಲನ್ನು ಮುಟ್ಟಬಾರದು.

"ಒಂದು ಚಪ್ಪಡಿ ಆದ್ರೂ ಹಾಕಿಸ್ಕೋತೀವಿ ಮೇಡಂ, ಅತ್ತೆ ಇಳಿಯೋಕೆ ಆಗ್ತಿಲ್ಲ" ಅಂದಳು ಹೆಂಡತಿ.

"ಒಂದು ಇಟ್ಟಿಗೆ ಇಟ್ಟರೂ ಅವರು ಅದರ ಫೋಟೊ ತೆಗೀತಾರೆ. ದೋಷ ನೀವೇ ಸರಿಮಾಡ್ಕೊಂಡ್ರಿ, ಇನ್ನೇನು ಪರಿಹಾರ ಅಂತಾರೆ. ಸ್ವಲ್ಪ ದಿನ ತಡ್ಕೊಳ್ಳಿ."

ನಾನು ವಕೀಲೆಯ ಪರ ನಿಂತೆ. ಪುರಾವೆಯನ್ನು ಕೆಡಿಸಬಾರದು ಎಂಬುದು ನನ್ನ ವಿದ್ಯೆಯ ಮೊದಲ ಪಾಠ. ಮನೆಯ ಮುಂದೆ ಆಟೊ ಇಳಿದ ಮೇಲೆ ಹೆಂಡತಿ, "ನಿಮ್ಮ ಪುರಾವೆ ಮೇಲೆ ಕೂತಿದ್ದಾರೆ, ಹೋಗಿ ಕಾಫಿ ಕೇಳ್ತಾರೇನೋ ನೋಡಿ" ಅಂದಳು.

ಆ "ಸ್ವಲ್ಪ ದಿನ" ಹಿಗ್ಗುತ್ತ ಹೋಯಿತು. ಆಯೋಗದ ಹಜಾರದಲ್ಲಿ ನಮ್ಮಂಥವರು ತುಂಬಿರುತ್ತಿದ್ದರು. ಕೆಟ್ಟ ವಾಷಿಂಗ್ ಮಷೀನಿನ ಫೋಟೊ ಹಿಡಿದವರು, ಕೈಗೆ ಬಾರದ ಫ್ಲಾಟಿನ ನಕ್ಷೆ ಹಿಡಿದವರು. ದಿನಾಂಕ ಬೀಳುತ್ತಿತ್ತು, ಎದ್ದು ಬರುತ್ತಿದ್ದೆವು. ಅಮ್ಮನನ್ನು ಇಳಿಸಬೇಕಾದರೆ ನಾನು ಕೆಳಗಿನ ಮೆಟ್ಟಿಲಲ್ಲಿ ನಿಂತು, ಹೆಂಡತಿ ಮೇಲಿನಿಂದ ತೋಳು ಹಿಡಿದು, ಮೂವರೂ ಉಸಿರು ಬಿಗಿಹಿಡಿದು ಇಳಿಯಬೇಕು. ಆಸ್ಪತ್ರೆಗೆ ಇಳಿದಳು, ಒಂದು ಮದುವೆಗೆ ಇಳಿದಳು. ಆಮೇಲೆ ಮದುವೆಗಳನ್ನೂ ಬಿಟ್ಟಳು.

ಒಂದು ಮಧ್ಯಾಹ್ನ ನಾವಿಬ್ಬರೂ ಕೆಲಸಕ್ಕೆ ಹೋಗಿದ್ದಾಗ ಅಮ್ಮ ಎತ್ತರ ಕಡಿಮೆಯಾಗಲೆಂದು ಊಟದ ಮಣೆಯನ್ನು ಅದರ ಕೆಳಗಿನ ಮೆಟ್ಟಿಲ ಮೇಲಿಟ್ಟು ಇಳಿಯಲು ಹೋದಳು. ಮಣೆ ಜಾರಿತು. ಕೆಳಗಿನ ಬಾಡಿಗೆ ಮನೆಯ ಹೆಂಗಸು ಸದ್ದು ಕೇಳಿ ಓಡಿಬಂದು ನನಗೆ ಫೋನ್ ಮಾಡಿದಳು. ನಾನು ಬರುವಷ್ಟರಲ್ಲಿ ಅಮ್ಮ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಳು.

"ಬಿದ್ದೆಯಂತೆ?"

"ಯಾರಂದ್ರು? ಕುತ್ಕಂಡೆ."

"ಮೆಟ್ಟಿಲ ಮೇಲೆ ಯಾಕೆ ಕೂತೆ?"

"ನಂದು ಮೆಟ್ಲು, ನನ್ನ ಮನೆ. ಕುತ್ಕಬಾರದೇನು?"

ಮೂಳೆ ಮುರಿದಿರಲಿಲ್ಲ. ಹೆಂಡತಿ ಮಣೆಯನ್ನು ಎತ್ತಿ ಅಟ್ಟದ ಮೇಲೆ ಎಸೆದಳು. ಅಂದಿನಿಂದ ಅಮ್ಮ ಬಾಗಿಲ ಬಳಿಗೆ ಬರುವುದನ್ನೇ ಬಿಟ್ಟಳು. ಆ ಒಂದು ವಾರ ನನಗೆ ನನ್ನ ಮೊದಲ ಪಾಠದ ಮೇಲೆ ಅಷ್ಟು ಗೌರವ ಉಳಿಯಲಿಲ್ಲ. ಆದರೂ ಮೆಟ್ಟಿಲನ್ನು ಮುಟ್ಟಲಿಲ್ಲ. ಮುಟ್ಟಿದರೆ ಕೇಸು ಹೋಗುತ್ತದೆ, ಕೇಸು ಹೋದರೆ ಮೆಟ್ಟಿಲು ಎಂದೆಂದಿಗೂ ಹೀಗೇ ಉಳಿಯುತ್ತದೆ. ಈ ತರ್ಕದಲ್ಲಿ ತಪ್ಪಿರಲಿಲ್ಲ ಎಂದು ಈಗಲೂ ಹೇಳುತ್ತೇನೆ.

ಅಷ್ಟರಲ್ಲಿ ಕಂಟ್ರಾಕ್ಟರನ ಕಡೆಯಿಂದ ಉತ್ತರ ಬಂತು. ಅವನ ವಕೀಲರು ಬಹಳ ಬರೆದಿರಲಿಲ್ಲ. ಗೃಹಪ್ರವೇಶ ಆಗಿದೆ, ದೂರುದಾರರು ಮನೆ ಒಪ್ಪಿಕೊಂಡು ವಾಸವಾಗಿದ್ದಾರೆ, ಕೆಲಸ ಮೆಚ್ಚಿ ಸನ್ಮಾನವನ್ನೂ ಮಾಡಿದ್ದಾರೆ ಎಂದು ಹೇಳಿ ಆ ಫೋಟೊ ಲಗತ್ತಿಸಿದ್ದರು. ಶಾಲು, ಪೇಟ, ತೆರೆದ ಕಣ್ಣು. ಹಿಂದೆ ಹೂವಿನಿಂದ ತುಂಬಿದ ಮೆಟ್ಟಿಲು, ನೋಡಿದವರು ಆ ಹೂವಿನಡಿ ಒಳ್ಳೆಯ ರೇಲಿಂಗ್ ಇದೆಯೆಂದೇ ತಿಳಿಯಬೇಕು. ನಾನು ಬಹಳ ಹೊತ್ತು ಅದನ್ನೇ ನೋಡಿದೆ. ನಾನೇ ಆ ಮನೆಯಲ್ಲಿ ವಾಸವಿಲ್ಲದಿದ್ದರೆ ನಾನೂ ನಂಬುತ್ತಿದ್ದೆ.

ಆಮೇಲೆ ಲಿಖಿತ ಪ್ರಶ್ನೆಗಳು ಬಂದವು. ಪ್ರಮಾಣ ಮಾಡಿ ಉತ್ತರಿಸಬೇಕು. ಒಂದು ಪ್ರಶ್ನೆ ಹೀಗಿತ್ತು: ಮೆಟ್ಟಿಲಿಗೆ ಜಮಖಾನ ಹಾಸಿ ಹೂವಿನ ಅಲಂಕಾರ ಮಾಡಿಸಿದವರು ಯಾರು?

ಕೇಳುವುದರ ಗುರಿ ಸ್ಪಷ್ಟವಿತ್ತು. ನಾವು ಮಾಡಿಸಿದ್ದರೆ ಎಲ್ಲ ಒಪ್ಪಿಗೆಯಾಗಿತ್ತು ಎಂದಾಗುತ್ತದೆ. ಅವನು ಮಾಡಿಸಿದ್ದರೆ ಕುಂದು ಮುಚ್ಚಿಟ್ಟ ಎಂದಾಗುತ್ತದೆ. ವಕೀಲೆ, "ಕಂಟ್ರಾಕ್ಟರ್ ಅಂತ ಬರೆದರೆ ನಮಗೆ ಅನುಕೂಲ. ನೆನಪಿದೆಯಾ?" ಎಂದು ಕೇಳಿದರು. ಜಮಖಾನ ನಮ್ಮಮ್ಮನದು, ಅದರಲ್ಲಿ ಸಂಶಯವಿಲ್ಲ. ಹೂವಿನ ವಿಷಯಕ್ಕೆ ನಾನು ಮನೆಯಲ್ಲಿ ವಿಚಾರಣೆ ನಡೆಸಿದೆ.

"ಹೂವಾ? ನೀನೇ ಅಲ್ವೇನೋ ಹೇಳಿದ್ದು, ಹಾಕ್ಬಿಡಿ ಅಂತ" ಅಂದಳು ಅಮ್ಮ.

"ಅತ್ತೆ, ನೀವೇ ಹೇಳಿದ್ದು. ದಾವಣಗೆರೆಯೋರು ನೋಡ್ತಾರೆ ಅಂತ" ಅಂದಳು ಹೆಂಡತಿ.

"ನಾನ್ಯಾಕೆ ಹೇಳ್ಲಿ? ಅವತ್ತು ನಂಗೆ ಅಡುಗೆಯೋರ ಸಂಗಡ ಜಗಳ ಆಡಾದೇ ಆತು."

"ಅಲ್ಲ, ಕಂಟ್ರಾಕ್ಟ್ರೇ ಮಾಲೆ ಹಿಡ್ಕೊಂಡು ನಿಂತಿದ್ರಲ್ಲ?" ಎಂದು ಹೆಂಡತಿ ಮತ್ತೆ ಅಂದಳು. ಅವಳು ಹೇಳಿದ ಕೂಡಲೇ ನನಗೂ ಅವನು ಮಾಲೆ ಹಿಡಿದು ನಿಂತದ್ದು ಕಣ್ಣಿಗೆ ಕಟ್ಟಿತು, ಅಂಗಿಯ ಬಣ್ಣ ಸಮೇತ. ನನಗೆ ಅಪನಂಬಿಕೆ ಹುಟ್ಟಿದ್ದೇ ಆಗ. ಒಂದು ನಿಮಿಷದ ಹಿಂದೆ ಇಲ್ಲದ ಚಿತ್ರ ಇಷ್ಟು ಅಚ್ಚುಕಟ್ಟಾಗಿ ಬರುವುದು ನೆನಪಿನ ಗುಣವಲ್ಲ, ಆಸೆಯ ಗುಣ.

ನಾನು ಉತ್ತರ ಬರೆದೆ. ಜಮಖಾನ ಹಾಸಿದ್ದು ನಾವು. ಹೂವು ಯಾರು ಹಾಕಿಸಿದರೆಂದು ನನಗೆ ಖಚಿತವಾಗಿ ನೆನಪಿಲ್ಲ. ಯಾರೇ ಹಾಕಿಸಿರಲಿ, ಅದರ ಅಡಿಯಲ್ಲಿ ರೇಲಿಂಗ್ ಇರಲಿಲ್ಲ, ಇವತ್ತಿಗೂ ಇಲ್ಲ, ಬಂದು ನೋಡಬಹುದು.

ವಕೀಲೆ ಓದಿ ಕನ್ನಡಕ ತೆಗೆದರು. "ಸಾರ್, ನೆನಪಿಲ್ಲ ಅಂದ್ರೆ ಏನೋ ಮುಚ್ಚಿಡ್ತಿದ್ದಾರೆ ಅನ್ನಿಸುತ್ತೆ."

"ಮುಚ್ಚಿಟ್ಟಿದ್ದು ಹೂವು ಮೇಡಂ, ನಾನಲ್ಲ."

ಹೆಂಡತಿ ಹಣೆ ಚಚ್ಚಿಕೊಂಡಳು. "ಕೋರ್ಟಲ್ಲೂ ಇವರದು ಇರಬಹುದು, ಇಲ್ಲದೆಯೂ ಇರಬಹುದು. ಮದುವೆ ದಿನ ಒಪ್ಪಿಗೆನಾ ಅಂತ ಕೇಳಿದ್ರೂ ಹಿಂಗೇ ಅಂದಿದ್ರು ಮೇಡಂ."

ಅದು ಸುಳ್ಳು. ಇದು ನನಗೆ ಚೆನ್ನಾಗಿ ನೆನಪಿದೆ. ಆದರೆ ಉತ್ತರ ಬದಲಿಸಲಿಲ್ಲ. ನನ್ನ ನೆನಪಿನ ಮೇಲೆ ನನಗೆ ಭರವಸೆ ಇರಲಿಲ್ಲ, ಮೆಟ್ಟಿಲಿನ ಮೇಲೆ ಇತ್ತು. ಅದು ಪ್ರತಿ ಅಳತೆಗೂ ಒಂದೇ ಉತ್ತರ ಕೊಡುತ್ತದೆ. ಅದನ್ನು ಯಾವ ವಕೀಲರೂ ಗೊಂದಲಕ್ಕೆ ಕೆಡವಲಾರರು.

ಆಯೋಗ ಕೊನೆಗೆ ಪರಿಶೀಲನೆಗೆ ಒಬ್ಬ ನಿವೃತ್ತ ಎಂಜಿನಿಯರರನ್ನು ನೇಮಿಸಿತು. ಬಿಸಿಲು ಚೆನ್ನಾಗಿದ್ದ ಒಂದು ಬೆಳಿಗ್ಗೆ ಅವರು ಬಂದರು, ಕಂಟ್ರಾಕ್ಟರೂ ಬಂದ. ಅಷ್ಟು ದಿನಗಳ ಮೇಲೆ ಅವನನ್ನು ನೋಡಿದ್ದು. ಸ್ವಲ್ಪ ಸೊರಗಿದ್ದ. ಬಾಗಿಲ ಬಳಿಗೇ ಬರದಿದ್ದ ಅಮ್ಮ ಅವತ್ತು ಮೇಲೆ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಅವನು ಕೆಳಗಿನಿಂದ ಕೈಮುಗಿದ.

"ಅಮ್ಮಾ, ಕೇಸ್ ಹಾಕೋ ಬದ್ಲು ಒಂದ್ ಫೋನ್ ಮಾಡಿದ್ರೆ ಓಡ್ಬತ್ತಿರ್ಲಿಲ್ವಾ ನಾನು?"

"ಮಾಡ್ದೆ ಕಣಪ್ಪಾ. ಯಾವಾಗ ಮಾಡಿದ್ರೂ ಒಬ್ಬಳು ಹುಡುಗಿ ಎತ್ಕಂಡು ಸ್ವಿಚ್ ಆಫ್ ಅಂತಾಳೆ. ನಿನ್ನ ಬಿಟ್ಟು ಅವಳ ಮೇಲೆ ಹಾಕ್ಬೇಕಿತ್ತು ಕೇಸು."

ಎಂಜಿನಿಯರು ನಗು ತಡೆದುಕೊಂಡು ಟೇಪು ಬಿಚ್ಚಿದರು. ಕೆಳಗಿನಿಂದ ಒಂದೊಂದೇ ಮೆಟ್ಟಿಲನ್ನು ಅಳೆಯುತ್ತ, ತಮ್ಮಷ್ಟಕ್ಕೆ ಬರೆದುಕೊಳ್ಳುತ್ತ ಬಂದರು. ಮೇಲಿನದಕ್ಕೆ ಬಂದಾಗ ಎರಡು ಸಲ ಅಳೆದು ಕಂಟ್ರಾಕ್ಟರನ ಕಡೆ ನೋಡಿದರು. "ಇದೇನ್ರಿ ಇದು?"

ಅವನು ಹೇಳಿದ್ದನ್ನು ನಾನು ಮೊದಲ ಬಾರಿಗೆ ಕೇಳಿದೆ. ಕಾಂಕ್ರೀಟ್ ಹಾಕಿದ ಮೇಲೆ ಎಣಿಸಿ ನೋಡಿದರೆ ಮೆಟ್ಟಿಲು ಸಮಸಂಖ್ಯೆ ಆಗಿಬಿಟ್ಟಿತ್ತಂತೆ. ಬಲಗಾಲಿಟ್ಟು ಹತ್ತಲು ಶುರುಮಾಡಿದವರು ಬಲಗಾಲಿಟ್ಟೇ ಒಳಗೆ ಬರಬೇಕು, ಅದಕ್ಕೆ ಬೆಸಸಂಖ್ಯೆಯೇ ಆಗಬೇಕು. ಹಾಗಾಗಿ ರಾತ್ರೋರಾತ್ರಿ ಮೇಲಿನ ಒಂದು ಮೆಟ್ಟಿಲನ್ನು ಒಡೆಸಿ ತೆಗೆದಿದ್ದ.

"ಇವರು ಕೇಳಿದ್ರಾ ಬೆಸ ಬೇಕು ಅಂತ?"

"ಕೇಳಿಲ್ಲ ಸಾರ್. ಸಮ ಇಟ್ಟು ನಾನ್ ಯಾವ ಮನೇನೂ ಕಟ್ಟಿಲ್ಲ. ಈ ತಾಯಿ ಮನೇಗ್ ಕೆಟ್ಟದ್ದಾಗ್ಲಿ ಅಂತ ಯಂಗ್ ಬುಡ್ಲಿ? ನಂಗೂ ಮಕ್ಳವ್ರೆ."

ಅಮ್ಮ ಕುರ್ಚಿಯಿಂದ ಸ್ವಲ್ಪ ಮುಂದೆ ಬಗ್ಗಿದಳು. "ನಾನು ಎಡಗಾಲಲ್ಲೇ ಬರ್ತಿದ್ನಲ್ಲೋ, ಮಾರಾಯ" ಅಂದಳು.

ಅವನ ಮುಖ ಸಣ್ಣದಾಯಿತು. ಅವನು ಸುಳ್ಳು ಹೇಳಲಿಲ್ಲ ಎಂದೇ ನನ್ನ ನಂಬಿಕೆ. ನಮ್ಮ ಒಳ್ಳೆಯದಕ್ಕೇ ಒಡೆದಿದ್ದ. ಒಡೆದ ಮೇಲೆ ಉಳಿದ ಮೆಟ್ಟಿಲುಗಳಿಗೆ ಎತ್ತರ ಹಂಚಬೇಕೆಂದು ಮಾತ್ರ ಯೋಚಿಸಲಿಲ್ಲ. ಯೋಚಿಸಿದರೂ ಅದಕ್ಕೆ ಎಲ್ಲ ಒಡೆಯಬೇಕಿತ್ತು, ಅಷ್ಟು ದಿನ ಕೊಡಲು ಅವನಿಗೆ ಮನಸ್ಸಿರಲಿಲ್ಲ. ಎಂಜಿನಿಯರು, "ತೇಪೆ ಹಾಕಿದ್ರೆ ನಿಲ್ಲಲ್ಲ, ಪೂರ್ತಿ ತೆಗೆದು ಕಟ್ಟಬೇಕು" ಎಂದು ಎಲ್ಲರೆದುರು ಹೇಳಿ ಟೇಪು ಸುತ್ತಿಕೊಂಡರು.

ಅಮ್ಮ ಎಲ್ಲರಿಗೂ ಕಾಫಿ ಕೊಡಿಸಿದಳು, ಅವನಿಗೂ. ಅವನು ಲೋಟ ಕೆಳಗಿಟ್ಟು ಇಳಿಯುವಾಗ ತಾನೇ ಕಟ್ಟಿಸಿದ ಆ ಮೆಟ್ಟಿಲಲ್ಲಿ ಮುಗ್ಗರಿಸಿ ಗೋಡೆ ಹಿಡಿದುಕೊಂಡ. ಇದು ನನ್ನ ನೆನಪಿನಲ್ಲಿ ಸ್ಪಷ್ಟವಾಗಿದೆ. ಹೆಂಡತಿ ಒಪ್ಪುವುದಿಲ್ಲ. "ಅವನು ಎಡವ್ಲೇ ಇಲ್ಲ ರೀ. ಹುಷಾರಾಗಿ ಪಕ್ಕಕ್ಕೆ ತಿರುಗಿ ಇಳಿದ. ನಿಮಗೆ ಎಡವಿದ್ರೆ ಚೆನ್ನಾಗಿತ್ತು, ಅಷ್ಟೆ" ಅನ್ನುತ್ತಾಳೆ. ಅವಳು ಹೇಳುವುದೇ ನಿಜವಿರಬೇಕು. ಆ ಮೆಟ್ಟಿಲು ಹೇಗಿದೆಯೆಂದು ಅವನಿಗಲ್ಲದೆ ಇನ್ನಾರಿಗೆ ಗೊತ್ತು?

ಆದೇಶ ನಮ್ಮ ಪರವಾಗಿ ಬಂತು, ಪೂರ್ತಿಯಾಗಿ ಅಲ್ಲ. ಗೋಡೆಯ ತೇವಕ್ಕೆ ಏನೂ ಸಿಗಲಿಲ್ಲ. ಅಪ್ಪನ ಫೋಟೊದ ಹಿಂದೆ ಅಡಗಿದ್ದ ಅದರ ಬಗ್ಗೆ ನಾವು ಸರಿಯಾದ ದಾಖಲೆ ಕೊಟ್ಟಿರಲಿಲ್ಲ. ಮೆಟ್ಟಿಲು, ರೇಲಿಂಗು ಎರಡರ ಖರ್ಚನ್ನೂ, ಅಮ್ಮ ಅನುಭವಿಸಿದ ಕಷ್ಟಕ್ಕೆ ಪರಿಹಾರವನ್ನೂ ಕಂಟ್ರಾಕ್ಟರು ಕೊಡಬೇಕೆಂದಾಯಿತು. ಗೃಹಪ್ರವೇಶ ಮನೆಯವರ ಆಚರಣೆ, ಅದನ್ನು ಕೆಲಸ ಮುಗಿದುದಕ್ಕೆ ಒಪ್ಪಿಗೆಯೆಂದು ಓದಲಾಗದು ಎಂಬ ಅರ್ಥದ ಮಾತೂ ಅದರಲ್ಲಿತ್ತು. ಹೂವಿನ ಪ್ರಶ್ನೆಯನ್ನು ಆದೇಶ ಎತ್ತಲೇ ಇಲ್ಲ. ಅಳತೆಗಳು ಮುಂದಿದ್ದವು, ಅಷ್ಟೇ ಸಾಕಾಗಿತ್ತು. ನಾನು ಆ ದಿನ ಬಹಳ ಗೆಲುವಾಗಿದ್ದೆ. ವಕೀಲೆ ಮಾತ್ರ, "ದುಡ್ಡು ಕೈಗೆ ಬಂದ ಮೇಲೆ ನಗಿ ಸಾರ್" ಅಂದರು.

ಅದೂ ಸರಿಯೇ. ಅವನು ತಡಮಾಡಿದ, ಮತ್ತೊಮ್ಮೆ ಅರ್ಜಿ ಹಾಕಬೇಕಾಯಿತು, ಆಮೇಲೆ ಕಂತುಗಳಲ್ಲಿ ಕೊಟ್ಟ. ಕೊನೆಯ ಕಂತು ಬಂದ ವಾರವೇ ಹಳೆಯ ಮೆಟ್ಟಿಲು ಒಡೆಸಿದೆವು. ಆ ದಿನಗಳಲ್ಲಿ ಅಮ್ಮ ದೊಡ್ಡಮ್ಮನ ಊರಿನಲ್ಲಿದ್ದಳು, ನಾವಿಬ್ಬರು ಏಣಿ ಹತ್ತಿ ಇಳಿಯುತ್ತಿದ್ದೆವು. ಬೇರೊಬ್ಬ ಮೇಸ್ತ್ರಿ ಬಂದು ಕಟ್ಟಿದ. ರೇಲಿಂಗ್ ಕೂರಿಸುವವರೆಗೆ ಅಮ್ಮನನ್ನು ಕರೆತರುವುದಿಲ್ಲ ಎಂದು ಹೆಂಡತಿ ಹಟ ಹಿಡಿದಳು. ಈ ಸಲ ಮೆಟ್ಟಿಲಿಗೆ ಪೂಜೆಯಿಲ್ಲ, ಹೂವಿಲ್ಲ. ಮೆಟ್ಟಿಲ ಸಂಖ್ಯೆ ಸಮವೋ ಬೆಸವೋ ನಾನು ಎಣಿಸಿಲ್ಲ. ಅಮ್ಮ ಎಣಿಸಿರಬಹುದು, ಹೇಳಿಲ್ಲ.

ಅವಳು ಬಂದ ಮೇಲೆ ಮೊದಮೊದಲು ನನ್ನ ತೋಳು ಹಿಡಿದೇ ಇಳಿದಳು. ಮೆಟ್ಟಿಲು ಸರಿಹೋದರೂ ಕಾಲಿಗೆ ಹಳೆಯ ಹೆದರಿಕೆ ಉಳಿದಿತ್ತು. ಬಾಗಿಲು ದಾಟಿದ ಕೂಡಲೇ ಇಲ್ಲದ ಆಳಕ್ಕೆ ಪಾದ ತಡಕಾಡುತ್ತಿತ್ತು. ಇಷ್ಟೆಲ್ಲ ಮಾಡಿದ್ದು ಮೆಟ್ಟಿಲಿಗೆ ಮಾತ್ರ ಆಯಿತೇನೋ ಎಂದು ನಾನು ಒಳಗೊಳಗೇ ಅಳುಕುತ್ತಿದ್ದೆ.

ಒಂದು ಮಂಗಳವಾರ ಸಂಜೆ ಕಾಲೇಜಿನಿಂದ ಬಂದಾಗ ಅಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ತಲೆಯೆತ್ತದೆ, "ಇವತ್ತು ಮಾರೇನಹಳ್ಳಿಗೆ ಹೋಗಿದ್ದೆ" ಅಂದಳು.

"ಯಾರ ಜೊತೆ?"

"ಆ ಟೇಪಿನ ಎಂಜಿನಿಯರ್ ಬಂದು ಕರ್ಕಂಡು ಹೋದ್ರು."

"ಅಮ್ಮಾ, ನಿಜ ಹೇಳು."

"ಒಬ್ಬಳೇ ಹೋದೆ. ಮೆಟ್ರೋದಾಗೆ. ಬರೋವಾಗ ಆಟೋದೋನು ಜಾಸ್ತಿ ಕೇಳಿದ, ಬೈದು ಅವನಿಗೇ ಬುದ್ಧಿ ಹೇಳ್ಕಂಡು ಬಂದೆ."

ನಾನು ನಂಬಲಿಲ್ಲ. ಅಮ್ಮನಿಗೆ ನಾಳೆ ಮಾಡಬೇಕೆಂದುಕೊಂಡದ್ದನ್ನು ಇವತ್ತೇ ಮಾಡಿದೆ ಎಂದು ಹೇಳುವ ಅಭ್ಯಾಸವಿದೆ. ಕೆಳಗಿನ ಬಾಡಿಗೆಯವರು ಊರಿಗೆ ಹೋಗಿದ್ದರು, ನೋಡಿದವರು ಯಾರೂ ಇರಲಿಲ್ಲ. ಅವಳ ಚಪ್ಪಲಿ ಅದರ ಜಾಗದಲ್ಲೇ ಅಚ್ಚುಕಟ್ಟಾಗಿತ್ತು. ಹೆಂಡತಿ, "ಬಿಡ್ರಿ, ಹೋಗಿದ್ದೆ ಅಂದ್ರೆ ಹೋಗಿದ್ರು" ಅಂದಳು. ನನಗೆ ಬಿಡಲಾಗಲಿಲ್ಲ.

ಮರುದಿನ ಮಾರೇನಹಳ್ಳಿಯಲ್ಲಿ ನಮ್ಮ ಹಳೆಯ ಮನೆಯ ಎದುರಿದ್ದ ಆಂಟಿಗೆ ಫೋನ್ ಮಾಡಿ, ಸುತ್ತುಬಳಸಿ ವಿಷಯಕ್ಕೆ ಬಂದೆ.

"ಹೂಂ ಕಣಪ್ಪಾ, ನಿನ್ನೆ ಬಂದಿದ್ರಲ್ಲ. ಹನ್ನೊಂದು ಗಂಟೆಗೇ ಬಂದ್ರು. ನಮ್ಮನೇಲೇ ಊಟ ಮಾಡಿದ್ರು, ಸಾರಿಗೆ ಉಪ್ಪು ಜಾಸ್ತಿ ಅಂದ್ರು. ಯಾಕೆ, ನಿಂಗೆ ಹೇಳಿಲ್ವಾ?"

"ಜೊತೆಗೆ ಯಾರಿದ್ರು ಆಂಟಿ?"

"ಯಾರೂ ಇರ್ಲಿಲ್ಲ. ಒಬ್ರೇ ಬಂದ್ರು, ಒಬ್ರೇ ಹೋದ್ರು."